ಕಮ್ಮಿ ಬಜೆಟ್ ಪಿಸಿಗೆ ಮದರ್‌ಬೋರ್ಡ್ ಆರಿಸೋದು ಹೇಗೆ?

1) ಮೊದ್ಲು ಪ್ರೊಸೆಸರ್ ಯಾವ್ದು ಅಂತ ಗಟ್ಟಿ ಮಾಡ್ಕೊಳ್ಳಿ, ಬೋರ್ಡ್ ಆಮೇಲೆ. ಆಫರ್‌ನಲ್ಲಿ ಬಂತು ಅಂತ ಬೋರ್ಡ್ ಮೊದ್ಲೇ ತಗೊಂಡು, ಅದಕ್ಕೆ ಕೂರೋ ಪ್ರೊಸೆಸರ್ ಹುಡುಕ್ತಾ ಪರದಾಡೋರನ್ನ ಬೇಕಾದಷ್ಟು ನೋಡಿದೀನಿ.

2) ಸಾಕೆಟ್, ಅಂದ್ರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರೋ ಜಾಗ, ಅದನ್ನ ನೋಡಿ. ಎಎಂಡಿ ಕಂಪನಿಯ ರೈಜನ್ 5000 ಸರಣಿಗೆ ಎಎಂ4, 7000ಕ್ಕೆ ಎಎಂ5, ಇಂಟೆಲ್ 12, 13, 14ನೇ ಜನರೇಶನ್‌ಗೆ ಎಲ್‌ಜಿಎ1700.

3) ಜನ ಎಡವೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಸಾಕೆಟ್ ಹೊಂದಿದ್ರೆ ಆಯ್ತು ಅನ್ಕೋತಾರೆ, ಆಗಲ್ಲ. ಇಂಟೆಲ್ 7ನೇ ಮತ್ತು 8ನೇ ಜನರೇಶನ್ ಎರಡಕ್ಕೂ ಸಾಕೆಟ್ 1151, ಆದ್ರೆ 7ನೇದರ ಬೋರ್ಡ್‌ಗೆ 8ನೇದು ಹಾಕಿದ್ರೆ ಕೆಲಸ ಮಾಡಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಮರೀಬೇಡಿ. ಇನ್ನು ಬಯಾಸ್, ಅಂದ್ರೆ ಪಿಸಿ ಆನ್ ಮಾಡಿದಾಗ ಮೊದ್ಲು ಓಡೋ, ಬೋರ್ಡ್‌ನಲ್ಲೇ ಇರೋ ಸಾಫ್ಟ್‌ವೇರ್. ಎಎಂ4 ಸಾಕೆಟ್‌ನ ಬಿ450 ಬೋರ್ಡ್ ಬಂದಿದ್ದು 2018ರಲ್ಲಿ, ರೈಜನ್ 5000 ಬಂದಿದ್ದು 2020ರ ಕೊನೆಗೆ, ಹಾಗಾಗಿ ಹಳೇ ಸ್ಟಾಕ್ ಬೋರ್ಡ್‌ಗೆ ಆ ಪ್ರೊಸೆಸರ್ ಸರಿಯಾಗೇ ಕೂರತ್ತೆ, ಫ್ಯಾನ್ ತಿರುಗತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಬೋರ್ಡ್ ಸತ್ತೋಯ್ತು ಅಂತ ವಾಪಸ್ ಕಳಿಸ್ತಾರೆ, ಬೇಕಿದ್ದಿದ್ದು ಒಂದು ಬಯಾಸ್ ಅಪ್‌ಡೇಟ್ ಅಷ್ಟೇ.

ಅದಕ್ಕೆ ದುಡ್ಡು ಕೊಡೋಕೆ ಮುಂಚೆ ಬೋರ್ಡ್ ಕಂಪನಿ ಸೈಟಿಗೆ ಹೋಗಿ ಮಾಡೆಲ್ ಹೆಸರು ಪೂರ್ತಿ ಹಾಕಿ, ರಿವಿಷನ್ ನಂಬರ್ ಸಮೇತ, ಸಿಪಿಯು ಸಪೋರ್ಟ್ ಪಟ್ಟಿ ತೆಗೀರಿ. ನಿಮ್ಮ ಪ್ರೊಸೆಸರ್ ಪಕ್ಕದಲ್ಲಿ ಯಾವ ಬಯಾಸ್ ವರ್ಷನ್‌ನಿಂದ ನಡೆಯತ್ತೆ ಅಂತ ಬರೆದಿರತ್ತೆ. ಅಂಗಡಿಯವರನ್ನ ಈ ಡಬ್ಬದಲ್ಲಿ ಯಾವ ವರ್ಷನ್ ಇದೆ ಅಂತ ಕೇಳಿ, ಉತ್ತರ ಸಿಗದಿದ್ರೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋ ಬೋರ್ಡನ್ನೇ ತಗೊಳ್ಳಿ, ಅದ್ರಲ್ಲಿ ಪ್ರೊಸೆಸರ್ ಹಾಕದೇನೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡ್ಬಹುದು. ಅಪ್‌ಡೇಟ್ ನಡೀವಾಗ ಕರೆಂಟ್ ಹೋಗ್ಬಾರ್ದು, ಯುಪಿಎಸ್ ಇದ್ರೆ ಅದಕ್ಕೇ ಹಾಕಿ.

4) ರ‍್ಯಾಮ್. ಎಲ್‌ಜಿಎ1700 ಬೋರ್ಡ್‌ಗಳು ಹೆಚ್ಚುಕಮ್ಮಿ ಒಂದೇ ಹೆಸರಲ್ಲಿ ಡಿಡಿಆರ್4, ಡಿಡಿಆರ್5 (ರ‍್ಯಾಮ್‌ನ ಹಳೇ, ಹೊಸ ತಲೆಮಾರು) ಎರಡರಲ್ಲೂ ಬರ್ತವೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ, ಒತ್ತೋಕೆ ಹೋಗ್ಬೇಡಿ. ಎಎಂ5ನಲ್ಲಿ ಡಿಡಿಆರ್5 ಮಾತ್ರ. ಎಲ್‌ಜಿಎ1700ದೇ ಆದ ಎಚ್610 ಬೋರ್ಡ್‌ನಲ್ಲಿ ರ‍್ಯಾಮ್ ಓವರ್‌ಕ್ಲಾಕ್, ಅಂದ್ರೆ ನಿಗದಿಗಿಂತ ಜೋರಾಗಿ ಓಡಿಸೋದು, ಇಲ್ಲ, ಹಾಗಾಗಿ ಅದಕ್ಕೆ 3600 ಸ್ಪೀಡಿನ ಡಿಡಿಆರ್4 ಹಾಕೋದು ದಂಡ, 3200 ಸಾಕು. ಗ್ರಾಫಿಕ್ಸ್ ಕಾರ್ಡ್ ಹಾಕಲ್ಲ ಅಂದ್ರೆ 16 ಜಿಬಿದು ಒಂದರ ಬದ್ಲು 8ರದ್ದು ಎರಡು ಹಾಕಿ, ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣತ್ತೆ. ಅಂಥವರು ಇಂಟೆಲ್ ಆದ್ರೆ ಪ್ರೊಸೆಸರ್ ಹೆಸರಿನ ಕೊನೇಲಿ ಎಫ್ ಇಲ್ಲ ಅನ್ನೋದನ್ನೂ ನೋಡ್ಕೊಳ್ಳಿ, ಎಫ್ ಇದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರಲ್ಲ, ಬೋರ್ಡ್‌ನ ಎಚ್‌ಡಿಎಂಐ ಇದ್ದೂ ಉಪಯೋಗವಿಲ್ಲ.

5) ವಿಆರ್‌ಎಂ, ಅಂದ್ರೆ ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡೋ ಭಾಗ. ಐ5-12400 ಮೇಲೆ 65 ವ್ಯಾಟ್ ಅಂತ ಇದ್ರೂ ಟರ್ಬೊದಲ್ಲಿ, ಅಂದ್ರೆ ಪೂರ್ತಿ ವೇಗದಲ್ಲಿ ಓಡುವಾಗ, 117ರವರೆಗೆ ಎಳಿಯತ್ತೆ. ಮುಂದೆ ಎಂಟು ಕೋರ್‌ದು ಹಾಕೋ ಆಸೆ ಇದ್ರೆ ಆ ಭಾಗದ ಮೇಲೆ ಹೀಟ್‌ಸಿಂಕ್ ಇರ್ಲೇಬೇಕು. ಬಣ್ಣದ ಲೈಟಿಗೆ ಕೊಡೋ ದುಡ್ಡು ಇಲ್ಲಿಗೆ ಕೊಡಿ.

ಇಲ್ಲೇ ಇನ್ನೊಂದು ಮಾತು ಹೇಳ್ಬಿಡ್ತೀನಿ. ಎಚ್61, ಎಚ್81 ಅನ್ನೋ ಹಳೇ ಇಂಟೆಲ್ ಚಿಪ್‌ಸೆಟ್ (ಬೋರ್ಡ್‌ನ ಮುಖ್ಯ ಚಿಪ್) ಹಾಕಿ ಹೊಸ ಡಬ್ಬದಲ್ಲಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಸ್ಲಾಟ್ ಸಮೇತ ಮಾರೋ ಬೋರ್ಡ್‌ಗಳು ಎಷ್ಟೇ ಅಗ್ಗ ಇರ್ಲಿ, ಮುಟ್ಬೇಡಿ. ಎಚ್61 ಬಂದಿದ್ದೇ 2011ರಲ್ಲಿ, ಅದಕ್ಕೆ ಕೂರೋ ಯಾವ ಪ್ರೊಸೆಸರ್‌ಗೂ ವಿಂಡೋಸ್ 11 ಅಧಿಕೃತವಾಗಿ ಇಲ್ಲ.

6) ಬೋರ್ಡ್ ಸೈಜ್ ಮೈಕ್ರೋ ಎಟಿಎಕ್ಸ್, ಅಂದ್ರೆ ಸ್ವಲ್ಪ ಚಿಕ್ಕದು, ಸಾಕು. ಹಿಂದ್ಗಡೆ ಯುಎಸ್‌ಬಿ ಆರಾದ್ರೂ ಇರ್ಲಿ. ಎರಡು ಎಂ.2 ಡ್ರೈವ್ (ಬೋರ್ಡ್‌ಗೇ ನೇರ ಸಿಕ್ಕಿಸೋ ಎಸ್‌ಎಸ್‌ಡಿ) ಹಾಕೋರು ಮ್ಯಾನುಯಲ್ ನೋಡಿ, ಕೆಲವು ಬೋರ್ಡ್‌ನಲ್ಲಿ ಎರಡನೇದು ಹಾಕಿದ್ರೆ ಹಾರ್ಡ್‌ಡಿಸ್ಕ್ ಕೇಬಲ್ ಹಾಕೋ ಒಂದು ಸಾಟಾ ಪೋರ್ಟ್ ಬಂದ್ ಆಗತ್ತೆ.

7) ತಗೊಂಡ ತಕ್ಷಣ ಡಬ್ಬ ಬಿಚ್ಚಿ, ಇಂಟೆಲ್ ಅಥವಾ ಎಎಂ5 ಬೋರ್ಡ್ ಆದ್ರೆ ಸಾಕೆಟ್ ಪಿನ್ ಬಾಗಿದ್ಯಾ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಬಾಗಿದೆ ಅಂದ್ರೆ ವಾರಂಟಿ ಸಿಗೋದು ಕಷ್ಟ. ಅದ್ರ ಪ್ಲಾಸ್ಟಿಕ್ ಮುಚ್ಚಳ ಬಿಸಾಕ್ಬೇಡಿ, ಸರ್ವಿಸ್‌ಗೆ ಕಳಿಸ್ಬೇಕಾದ್ರೆ ಅದನ್ನ ಹಾಕೇ ಕಳಿಸ್ಬೇಕು.