ಬಾಗಿಲ ಹೊರಗಿನ ಎರಡು ನಿಮಿಷ: ಮೆಡಿಕಲ್ ಪ್ರವೇಶ ಸಂದರ್ಶನಕ್ಕೆ ನಾನು ತಯಾರಾದ ರೀತಿ

ಕಾರಿಡಾರಿನ ಉದ್ದಕ್ಕೂ ಮುಚ್ಚಿದ ಬಾಗಿಲುಗಳು. ಪ್ರತಿ ಬಾಗಿಲಿಗೂ ಅಂಟಿಸಿದ ಒಂದು ಹಾಳೆ, ಅದರ ಮುಂದೆ ಒಬ್ಬ ಅಭ್ಯರ್ಥಿ. ಗಂಟೆ ಬಾರಿಸಿದಾಗ ಎಲ್ಲರೂ ಹಾಳೆ ಓದಲು ಶುರು ಮಾಡುತ್ತಾರೆ. ಎರಡನೇ ಗಂಟೆಗೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಮೂರನೆಯದಕ್ಕೆ ಮಾತು ಅರ್ಧಕ್ಕೇ ನಿಂತಿದ್ದರೂ ಎದ್ದು ಮುಂದಿನ ಬಾಗಿಲಿಗೆ ನಡೆಯಬೇಕು. ಮಲ್ಟಿಪಲ್ ಮಿನಿ ಇಂಟರ್‌ವ್ಯೂ, ಅಂದರೆ ಎಂಎಂಐ, ನಡೆಯುವುದು ಹೀಗೆ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದು ಬಹಳ ಕಡೆ ಇದೆ, ಅಮೆರಿಕದ ಕೆಲವು ಕಾಲೇಜುಗಳಲ್ಲೂ ಇದೆ. ಸಾಮಾನ್ಯವಾಗಿ ಆರರಿಂದ ಹತ್ತು ಸ್ಟೇಷನ್‌ಗಳು, ಅಂದರೆ ಇಂಥ ಕೋಣೆಗಳು, ಒಂದೊಂದಕ್ಕೆ ಐದರಿಂದ ಎಂಟು ನಿಮಿಷ, ಓದಿಕೊಳ್ಳಲು ಒಂದು ಅಥವಾ ಎರಡು ನಿಮಿಷ.

ಇದನ್ನು ರೂಪಿಸಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ. ಅಲ್ಲಿನವರ ಪ್ರಬಂಧ ಪ್ರಕಟವಾಗಿದ್ದು 2004ರಲ್ಲಿ. ವೈದ್ಯ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪರೀಕ್ಷೆಗೆ 1975ರಿಂದ ಬಳಕೆಗೆ ಬಂದಿದ್ದ, ಒಂದೊಂದು ಸ್ಟೇಷನ್‌ಗೂ ಹೋಗಿ ಒಂದೊಂದು ಕೆಲಸ ಮಾಡಿ ತೋರಿಸುವ ಓಸ್ಕಿ (OSCE) ಪದ್ಧತಿಯೇ ಇದರ ಮಾದರಿ. ಹಳೆಯ ಕಾಲದ ಒಂದೇ ಸಂದರ್ಶನದಲ್ಲಿ ಮೊದಲ ಐದು ನಿಮಿಷ ಚೆನ್ನಾಗಿ ಹೋದರೆ ಉಳಿದ ಅರ್ಧ ಗಂಟೆಯೂ ಆ ಬೆಳಕಿನಲ್ಲೇ ಕಾಣುತ್ತದೆ, ಮೊದಲ ಉತ್ತರ ಕೆಟ್ಟರೆ ಉಳಿದದ್ದಕ್ಕೂ ಅದರ ಮಸಿ ಮೆತ್ತಿಕೊಳ್ಳುತ್ತದೆ. ಬೇರೆ ಬೇರೆ ಸನ್ನಿವೇಶದಲ್ಲಿ ಬೇರೆ ಬೇರೆಯವರು ನೋಡಿ ಅಂಕ ಕೊಟ್ಟರೆ ಒಬ್ಬರ ಇಷ್ಟಾನಿಷ್ಟದ ಭಾರ ಕಡಿಮೆಯಾಗುತ್ತದೆ. ಅಭ್ಯರ್ಥಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಮೂರನೇ ಕೋಣೆಯಲ್ಲಿ ನೀವು ತಡವರಿಸಿದ್ದು ನಾಲ್ಕನೇ ಕೋಣೆಯವರಿಗೆ ಗೊತ್ತೇ ಇರುವುದಿಲ್ಲ. ಎಷ್ಟೋ ಕಡೆ ನಿಮ್ಮ ಅರ್ಜಿಯನ್ನೂ ಅವರಿಗೆ ಕೊಟ್ಟಿರುವುದಿಲ್ಲ. ಒಂದು ಸ್ಟೇಷನ್ ಹಾಳಾದರೆ ಒಟ್ಟು ಫಲಿತಾಂಶ ಹಾಳಾಗಬೇಕಿಲ್ಲ. ಆದರೆ ಅಪ್ರಾಮಾಣಿಕತೆಯೋ ರೋಗಿಯ ಬಗ್ಗೆ ತಿರಸ್ಕಾರವೋ ಕಂಡರೆ ಕೆಂಪು ಗುರುತು ಹಾಕುವ ಕಾಲೇಜುಗಳಿವೆ. ಅಲ್ಲಿ ಉಳಿದ ಅಂಕಗಳು ಕೈಹಿಡಿಯುವುದಿಲ್ಲ.

ನನ್ನ ತಯಾರಿಯ ಹೆಚ್ಚಿನ ಪಾಲನ್ನು ಕೊಟ್ಟಿದ್ದು ಬಾಗಿಲ ಹೊರಗಿನ ಆ ಎರಡು ನಿಮಿಷಕ್ಕೆ. ಒಳಗೆ ಹೋದ ಮೇಲೆ ಯೋಚಿಸಲು ಹೊರಟರೆ ಮಾತು ಮುಂದೆ ಓಡಿ ಯೋಚನೆ ಹಿಂದೆ ಬೀಳುತ್ತದೆ. ಮೊದಲ ಮೂವತ್ತು ಸೆಕೆಂಡು ಹಾಳೆಯನ್ನು ಎರಡು ಸಲ ಓದಲು, ಎರಡನೇ ಸಲ ಕೊನೆಯ ಸಾಲಿನಿಂದ. ಕೇಳಿರುವುದು ‘ಚರ್ಚಿಸಿ’ ಎಂದೋ, ‘ಏನು ಮಾಡುತ್ತೀರಿ’ ಎಂದೋ, ‘ಒಳಗಿರುವವರೊಂದಿಗೆ ಮಾತಾಡಿ’ ಎಂದೋ ಎಂಬುದು ಆ ಸಾಲಿನಲ್ಲೇ ಇರುತ್ತದೆ. ಇದನ್ನು ತಪ್ಪಾಗಿ ಓದಿದವರು, ಸನ್ನಿವೇಶದ ಪಾತ್ರವನ್ನು ಅಭಿನಯಿಸಲು ನಟಿ ಕೂತಿರುವ ಕೋಣೆಗೆ ಹೋಗಿ ಭಾಷಣ ಶುರು ಮಾಡುತ್ತಾರೆ. ಉಳಿದ ಒಂದೂವರೆ ನಿಮಿಷದಲ್ಲಿ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಇಲ್ಲಿ ನಾನು ಯಾರು, ನನ್ನ ಅಧಿಕಾರ ಎಲ್ಲಿಯವರೆಗೆ? ಯಾರಿಗೆಲ್ಲ ಇದು ತಟ್ಟುತ್ತದೆ? ನನಗೆ ಇನ್ನೂ ಗೊತ್ತಿಲ್ಲದ್ದು ಏನು? ಈಗಲೇ ಆಗಬೇಕಾದದ್ದು ಯಾವುದು, ಕಾಯಬಹುದಾದದ್ದು ಯಾವುದು?

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಇದು ಅಭ್ಯಾಸಕ್ಕೆಂದು ನಾನೇ ಬರೆದುಕೊಂಡದ್ದು. ನೀವು ಆಸ್ಪತ್ರೆಯ ವಾರ್ಡಿನಲ್ಲಿ ಸ್ವಯಂಸೇವಕರು. ವಯಸ್ಸಾದ ರೋಗಿಯೊಬ್ಬರು ಹತ್ತಿರ ಕರೆದು ಹೇಳುತ್ತಾರೆ, “ರಾತ್ರಿ ಕೊಡೋ ಮಾತ್ರೆ ನಾನು ನುಂಗ್ತಾ ಇಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀನಿ. ನರ್ಸಿಗೆ ಹೇಳಬೇಡಪ್ಪ.” ನೀವೇನು ಮಾಡುತ್ತೀರಿ?

ಅವಸರದ ಉತ್ತರಗಳು ಎರಡು. ‘ಗುಟ್ಟು ಕಾಪಾಡುತ್ತೇನೆ’ ಎಂಬುದು ಒಂದು, ‘ತಕ್ಷಣ ನರ್ಸಿಗೆ ತಿಳಿಸುತ್ತೇನೆ’ ಎಂಬುದು ಇನ್ನೊಂದು. ಎರಡರಲ್ಲೂ ಬಿಟ್ಟುಹೋಗುವುದು ‘ಯಾಕೆ ನುಂಗುತ್ತಿಲ್ಲ’ ಎಂಬ ಪ್ರಶ್ನೆ. ನುಂಗಲು ಕಷ್ಟವಾಗುತ್ತಿರಬಹುದು. ತಲೆಸುತ್ತು ಬರುತ್ತಿರಬಹುದು. ಅದು ಯಾತರ ಮಾತ್ರೆ ಎಂದು ಯಾರೂ ಹೇಳಿರದೇ ಇರಬಹುದು. ಬದುಕೇ ಬೇಡವೆನಿಸಿ ಒಟ್ಟಿಗೆ ನುಂಗಲು ಕೂಡಿಡುತ್ತಿರಲೂಬಹುದು. ಈ ಕೊನೆಯ ಸಾಧ್ಯತೆಯನ್ನು ಬಾಯಿಬಿಟ್ಟು ಹೇಳಿದ ಅಭ್ಯರ್ಥಿ ಪರೀಕ್ಷಕರ ಕಣ್ಣಿಗೆ ಬೇರೆಯಾಗಿ ಕಾಣುತ್ತಾನೆ, ಏಕೆಂದರೆ ದಿಂಬಿನ ಕೆಳಗೆ ಸೇರುತ್ತಿರುವ ಮಾತ್ರೆ ಇವತ್ತೇ ಅಪಾಯವಾಗಬಹುದು ಎಂಬುದು ಅವನಿಗೆ ಹೊಳೆದಿದೆ. ಇಷ್ಟಾದ ಮೇಲೆ ನನ್ನ ಸ್ಥಾನದ ಮಾತು. ಸ್ವಯಂಸೇವಕನಿಗೆ ಔಷಧದ ಬಗ್ಗೆ ಸಲಹೆ ಕೊಡುವ ಅಧಿಕಾರವಿಲ್ಲ, ಮಾತ್ರೆಗಳನ್ನು ಎತ್ತಿಕೊಂಡು ಬರುವುದೂ ಅವನ ಕೆಲಸವಲ್ಲ. ಅವನು ಮಾಡಬಹುದಾದದ್ದು ಕೂತು ಕೇಳುವುದು, ಕಾಪಾಡಲಾಗದ ಮಾತು ಕೊಡದಿರುವುದು, ಅವರೇ ನರ್ಸಿಗೆ ಹೇಳುವಂತೆ ಒಪ್ಪಿಸಿ ಜೊತೆಗಿರುವುದು. ಅವರು ಒಪ್ಪದಿದ್ದರೂ ಹೇಳಲೇಬೇಕಾಗುತ್ತದೆ. ಆಗ ಬೆನ್ನ ಹಿಂದೆ ಹೋಗದೆ, “ನಾನು ಇದನ್ನು ಹೇಳಲೇಬೇಕು, ಕಾರಣ ಇದು” ಎಂದು ಅವರಿಗೇ ಮೊದಲು ತಿಳಿಸುವುದು.

ಇಷ್ಟನ್ನು ಹೇಳಲು ಮೂರು ನಿಮಿಷ ಸಾಕು. ಎಂಟು ನಿಮಿಷವನ್ನೂ ಒಬ್ಬರೇ ತುಂಬುವುದು ದೊಡ್ಡ ತಪ್ಪು, ಏಕೆಂದರೆ ಪರೀಕ್ಷಕರ ಬಳಿ ಮುಂದಿನ ಪ್ರಶ್ನೆಗಳಿರುತ್ತವೆ ಮತ್ತು ಅವಕ್ಕೂ ಅಂಕಗಳಿರುತ್ತವೆ. ‘ನರ್ಸ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ?’ ಎಂದು ಕೇಳಬಹುದು. ‘ಅದೇ ರೋಗಿ ಎಲ್ಲ ತಿಳಿದೂ ವೈದ್ಯರ ಎದುರೇ ಮಾತ್ರೆ ಬೇಡ ಎಂದಿದ್ದರೆ?’ ಎಂದೂ ಕೇಳಬಹುದು. ಈ ಎರಡನೆಯದರಲ್ಲಿ ಉತ್ತರವೇ ತಿರುಗುತ್ತದೆ, ನಿರ್ಧಾರ ಮಾಡುವ ಸಾಮರ್ಥ್ಯವಿರುವ ವಯಸ್ಕರಿಗೆ ಚಿಕಿತ್ಸೆ ನಿರಾಕರಿಸುವ ಹಕ್ಕಿದೆ. ನಿಲುವು ಬದಲಿಸಬೇಕಾಗಿ ಬಂದರೆ “ಈ ಹೊಸ ವಿಷಯದಿಂದ ನನ್ನ ಉತ್ತರ ಬದಲಾಗುತ್ತದೆ, ಹೇಗೆಂದರೆ…” ಎಂದು ಕಾರಣ ಕೊಟ್ಟು ಬದಲಿಸಿ. ಅವರು ಹುಬ್ಬೇರಿಸಿದರೆಂದು ಮಾತ್ರ ಬದಲಿಸಬೇಡಿ. ಮುಖದಲ್ಲಿ ಏನೂ ತೋರಿಸದಂತೆ ಕೂರುವ ಪರೀಕ್ಷಕರು ಬಹಳ ಮಂದಿ. ಅದನ್ನು ಅಸಮ್ಮತಿ ಎಂದುಕೊಂಡು ಗಾಬರಿಯಾಗುವುದು ನಾನು ಅಣಕು ಸಂದರ್ಶನಗಳಲ್ಲಿ ಅತಿ ಹೆಚ್ಚು ಕಂಡ ತೊಂದರೆ.

ವೈದ್ಯಕೀಯ ನೀತಿಯ ನಾಲ್ಕು ತತ್ವಗಳನ್ನು ಎಲ್ಲರೂ ಓದಿರುತ್ತಾರೆ: ರೋಗಿಯ ಸ್ವಾಯತ್ತತೆ, ಹಿತ, ಹಾನಿ ಮಾಡದಿರುವುದು, ನ್ಯಾಯ. ಅವು ಯೋಚಿಸಲು ಬೇಕು. ಆದರೆ ಬಾಯಿಪಾಠದಂತೆ ಒಂದೊಂದರ ಹೆಸರು ಹೇಳಿ ಒಂದೊಂದು ವಾಕ್ಯ ಜೋಡಿಸಿದರೆ ದಿಂಬಿನ ಕೆಳಗೆ ಮಾತ್ರೆ ಇಟ್ಟ ಆ ರೋಗಿಯೇ ಮಾಯವಾಗುತ್ತಾರೆ. ಎರಡು ತತ್ವಗಳು ಎಲ್ಲಿ ಡಿಕ್ಕಿ ಹೊಡೆಯುತ್ತವೆ ಎಂದು ತೋರಿಸಿದರೆ ಸಾಕು.

ನಟರಿರುವ ಸ್ಟೇಷನ್‌ನ ನಡೆ ಬೇರೆ. ಗೆಳತಿಯ ಲ್ಯಾಪ್‌ಟಾಪ್ ಎರವಲು ತಂದಿದ್ದೀರಿ, ಅದು ಕೈಜಾರಿ ಬಿದ್ದಿದೆ, ನಾಳೆ ಅವಳು ಸಲ್ಲಿಸಬೇಕಾದ ವರದಿ ಅದರಲ್ಲೇ ಇತ್ತು, ಒಳಗೆ ಹೋಗಿ ತಿಳಿಸಿ ಎಂದು ಹಾಳೆಯಲ್ಲಿದೆ ಎನ್ನಿ. ಮೂಲೆಯಲ್ಲಿ ಕೂತ ಪರೀಕ್ಷಕರಿಗೆ ನಮಸ್ಕಾರ ಹೇಳಿ ಆಮೇಲೆ ಅವರನ್ನು ಮರೆತುಬಿಡಿ. ನಟಿಯ ಎದುರು ಕೂತು “ಒಂದು ಬೇಜಾರಿನ ವಿಷಯ ಹೇಳಬೇಕು ಕಣೇ” ಎಂಬ ಒಂದು ಮುನ್ಸೂಚನೆ, ಮುಂದಿನ ಎರಡು ವಾಕ್ಯದಲ್ಲಿ ನಡೆದದ್ದು, ತಪ್ಪು ನನ್ನದು ಎಂಬ ಮಾತು. ಆಮೇಲೆ ಸುಮ್ಮನಿರಬೇಕು. ಈ ಸುಮ್ಮನಿರುವುದನ್ನು ನಾನು ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಆರು ಸೆಕೆಂಡು ಮೌನ ಒಂದು ಯುಗದಂತೆ ಅನಿಸುತ್ತದೆ, ಎದುರಿನವರಿಗೆ ಮಾತ್ರ ಅದು ಉಸಿರಾಡುವಷ್ಟು ಸಮಯ. ಸಾಮಾನ್ಯವಾಗಿ ನೀವು ಸಮರ್ಥನೆಗೆ ಇಳಿದರೆ ನಟಿಯ ಸಿಟ್ಟು ಏರುತ್ತದೆ, ಅವಳ ಸಂಕಟವನ್ನು ಗುರುತಿಸಿದರೆ ಇಳಿಯುತ್ತದೆ. “ಕ್ಷಮಿಸು, ಆದರೆ…” ಎಂಬಲ್ಲಿನ ‘ಆದರೆ’ ಕ್ಷಮೆಯನ್ನು ವಾಪಸು ತೆಗೆದುಕೊಳ್ಳುತ್ತದೆ. ಪರಿಹಾರವನ್ನು ಮೊದಲ ನಿಮಿಷದಲ್ಲೇ ಮುಂದಿಡುವುದೂ ತಪ್ಪು. ಅಳುತ್ತಿರುವವರಿಗೆ ಹಾರ್ಡ್ ಡಿಸ್ಕ್‌ನಿಂದ ಫೈಲ್ ತೆಗೆಸುವ ವಿಚಾರ ಕಿವಿಗೆ ಬೀಳುವುದಿಲ್ಲ. “ಈಗ ನಿನಗೆ ಅತಿ ತುರ್ತಿನದು ಯಾವುದು?” ಎಂದು ಕೇಳಿ, ಅವಳ ಉತ್ತರದಿಂದ ಪರಿಹಾರ ಕಟ್ಟಿ. ಸಮಯ ಮಿಕ್ಕರೆ ಆತುರದಿಂದ ಎದ್ದು ಬರಬೇಡಿ.

ಚಿತ್ರವೊಂದನ್ನು ಎದುರಿನವರಿಗೆ ತೋರಿಸದೆ, ಬರೀ ಮಾತಿನಲ್ಲಿ ವಿವರಿಸಿ ಅವರ ಕೈಯಲ್ಲಿ ಬಿಡಿಸುವ ಸ್ಟೇಷನ್ ಇದ್ದರೆ ಮೊದಲು ಕಾಗದ ಅಡ್ಡವೋ ಉದ್ದವೋ ಹೇಳಿ. ಒಟ್ಟು ಆಕಾರ ಯಾವುದರಂತಿದೆ, ಕಾಗದದ ಎಷ್ಟು ಭಾಗ ತುಂಬುತ್ತದೆ ಎಂಬುದು ಆಮೇಲೆ, ಗೆರೆಗಳು ಕೊನೆಗೆ. ಮೂರು ಹೆಜ್ಜೆಗೊಮ್ಮೆ “ಈಗ ನಿಮ್ಮ ಹಾಳೆಯಲ್ಲಿ ಏನಿದೆ ಹೇಳಿ” ಎಂದು ಕೇಳಬೇಕು. “ಅರ್ಥವಾಯಿತಾ?” ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ.

ಲೆಕ್ಕದ ಸ್ಟೇಷನ್ ಬ್ರಿಟನ್‌ನ ಕೆಲವು ಕಡೆ ಇರುತ್ತದೆ. 20 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಔಷಧ ಬೇಕು, ಸಿರಪ್‌ನ 5 ಮಿಲಿಲೀಟರ್‌ನಲ್ಲಿ 250 ಮಿಲಿಗ್ರಾಂ ಇದೆ, ಎಷ್ಟು ಕೊಡಬೇಕು? 300 ಮಿಲಿಗ್ರಾಂ ಬೇಕು, ಒಂದು ಮಿಲಿಲೀಟರಿನಲ್ಲಿ 50 ಇದೆ, ಆದ್ದರಿಂದ 6 ಮಿಲಿಲೀಟರ್. ಪ್ರತಿ ಹೆಜ್ಜೆಯನ್ನೂ ಏಕಮಾನದ ಸಮೇತ ಗಟ್ಟಿಯಾಗಿ ಹೇಳಿ, ಕೊನೆಗೆ ಉತ್ತರ ನಂಬುವಂತಿದೆಯೇ ನೋಡಿ. ಮಗುವಿಗೆ 60 ಮಿಲಿಲೀಟರ್ ಎಂದು ಬಂದರೆ ದಶಮಾಂಶ ಎಲ್ಲೋ ಜಾರಿದೆ. ಜಾರಿದ್ದನ್ನು ತಾನೇ ಹಿಡಿದು ತಿದ್ದಿಕೊಂಡವರ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಮೂಡುತ್ತದೆ.

‘ವೈದ್ಯರೇ ಯಾಕೆ ಆಗಬೇಕು?’ ಎಂಬುದು ಎಲ್ಲೆಡೆ ಬರುತ್ತದೆ, ಅದರ ಹಿಂದೆಯೇ ‘ನರ್ಸ್ ಯಾಕೆ ಆಗಬಾರದು?’ ಎಂಬುದೂ. ‘ಜನಸೇವೆ’ ಎಂಬ ಉತ್ತರ ಎರಡನೇ ಪ್ರಶ್ನೆಯಲ್ಲಿ ಕುಸಿಯುತ್ತದೆ. ರೋಗ ಗುರುತಿಸುವ ಹೊಣೆ, ಅನಿಶ್ಚಿತತೆಯಲ್ಲಿ ನಿರ್ಧರಿಸುವುದು, ತರಬೇತಿಯ ಉದ್ದ, ಇವುಗಳನ್ನು ನೋಡಿಯೂ ಇದೇ ಬೇಕೆನಿಸಿದ್ದಕ್ಕೆ ಕಾರಣ ಬೇಕು. ನರ್ಸಿಂಗನ್ನು ಕೀಳಾಗಿಸುವ ಒಂದು ಪದವೂ ಬರಬಾರದು.

ಇಂಥ ಪ್ರಶ್ನೆಗಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಲಿಲ್ಲ, ಘಟನೆಗಳನ್ನು ಸಿದ್ಧಮಾಡಿಕೊಂಡೆ. ಅದಕ್ಕೊಂದು ಕೋಷ್ಟಕ ಹಾಕಿಕೊಂಡೆ. ನಿಜವಾಗಿ ನಡೆದ ಎಂಟು ಘಟನೆಗಳು ಎಡಕ್ಕೆ. ತಂಡದ ಕೆಲಸ, ಜಗಳ, ಸೋಲು, ಮುಂದಾಳತ್ವ, ಟೀಕೆ ಸ್ವೀಕರಿಸಿದ್ದು, ಸಹಾಯ ಕೇಳಿದ್ದು ಮೇಲ್ಗಡೆ. ಯಾವ ಘಟನೆ ಯಾವುದಕ್ಕೆ ಒದಗುತ್ತದೋ ಅಲ್ಲಿ ಗುರುತು. ಹೇಳುವಾಗ ಸನ್ನಿವೇಶಕ್ಕೆ ಇಪ್ಪತ್ತು ಸೆಕೆಂಡು, ನಾನು ಮಾಡಿದ್ದಕ್ಕೆ ಒಂದು ನಿಮಿಷ, ಅದರಿಂದ ಆಮೇಲೆ ಏನು ಬದಲಿಸಿಕೊಂಡೆ ಎಂಬುದಕ್ಕೆ ನಲವತ್ತು ಸೆಕೆಂಡು. ಹೆಚ್ಚಿನವರು ಸನ್ನಿವೇಶದಲ್ಲೇ ಎರಡು ನಿಮಿಷ ಕಳೆದು ಕೊನೆಯ ಭಾಗಕ್ಕೆ ಬರುವುದೇ ಇಲ್ಲ.

ಎಂಎಂಐ ಅಲ್ಲದ, ಪ್ಯಾನೆಲ್ ಅಥವಾ ಒಬ್ಬರೆದುರಿನ ಸಂದರ್ಶನವಾದರೆ ಇಪ್ಪತ್ತರಿಂದ ನಲವತ್ತೈದು ನಿಮಿಷ ನಡೆಯುತ್ತದೆ. ಅವರ ಕೈಯಲ್ಲಿ ನಿಮ್ಮ ಅರ್ಜಿ ಇದೆಯೋ ಇಲ್ಲವೋ ಎಂದು ಮೊದಲೇ ತಿಳಿದುಕೊಳ್ಳಿ. ಇದ್ದರೆ ಅರ್ಜಿಯ ಪ್ರತಿ ಸಾಲಿಗೂ ಎರಡೆರಡು ಮರುಪ್ರಶ್ನೆ ಬರೆದು ಉತ್ತರಿಸಿಕೊಳ್ಳಬೇಕು. ಮೂರು ವರ್ಷದ ಹಿಂದಿನ ಪ್ರಾಜೆಕ್ಟಿನ ವಿಧಾನವನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ಹಿರಿಯ ವಿದ್ಯಾರ್ಥಿಗಳೂ ಸಂದರ್ಶನ ಮಾಡುವುದುಂಟು, ಅವರೆದುರು ಸಡಿಲವಾಗುವುದು ಬೇಡ.

ಆನ್‌ಲೈನ್ ಆದರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ, ಬೆಳಕು ಮುಖದ ಎದುರಿಗೆ. ಪರದೆಯ ಮೇಲೆ ಟಿಪ್ಪಣಿ ಅಂಟಿಸಿಕೊಂಡರೆ ಕಣ್ಣಿನ ಓಟದಲ್ಲೇ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಮೂವರು ಬೇಕು: ಉತ್ತರಿಸಲು ಒಬ್ಬರು, ಕೇಳಲು ಒಬ್ಬರು, ಗಡಿಯಾರ ಹಿಡಿದು ಬರೆದುಕೊಳ್ಳಲು ಒಬ್ಬರು. ನಿಂತು ಓದಿ, ಬಾಗಿಲು ತಟ್ಟಿ ಒಳಗೆ ಬಂದು ಕೂರುವುದನ್ನೂ ಸೇರಿಸಿಯೇ ಮಾಡಬೇಕು. ನಾಲ್ಕು ಸ್ಟೇಷನ್ ಒಂದರ ಹಿಂದೊಂದು ಮಾಡಿದರೆ ಮಾತ್ರ ಹಿಂದಿನದನ್ನು ಬಿಟ್ಟು ಬರುವುದು ರೂಢಿಯಾಗುತ್ತದೆ. ಆ ಬಿಡುವಿಕೆಗೆ ನಾನು ಬಳಸಿದ್ದು ಒಂದೇ ಕ್ರಿಯೆ. ಹೊಸ ಹಾಳೆಯ ಮುಂದೆ ನಿಂತು ಒಂದು ಉದ್ದನೆಯ ಉಸಿರು ಬಿಟ್ಟು, ಮೊದಲ ವಾಕ್ಯವನ್ನು ತುಟಿ ಅಲುಗಿಸಿ ಓದುವುದು. ಸಂದರ್ಶನದ ದಿನ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು ಪ್ರಶ್ನೆಗಳನ್ನಲ್ಲ. ಎಲ್ಲಿ ಸಮಯ ಮೀರಿದೆ, ಎಲ್ಲಿ ಕೇಳಿಸಿಕೊಳ್ಳದೆ ಮಾತಾಡಿದೆ ಎಂದಷ್ಟೇ ಬರೆದು, ಮುಂದಿನ ಕಾಲೇಜಿನ ತಯಾರಿಯನ್ನು ಆ ಪುಟದಿಂದ ಶುರು ಮಾಡುತ್ತಿದ್ದೆ.