ಬೆಲ್ಲ ಬೀಳುವ ಮೊದಲು ಕೂಸಿನ ಪಾಲು

ಹಬ್ಬದ ದಿನ ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಸುತ್ತದೆ. "ಕೂಸಿನ ಬಾಯಿಗಿ ಒಂದೀಟು ಹೂರಣ ಹಚ್ಚವ್ವ, ಹಬ್ಬ ಅದ." ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ತಾಯಿ ಮಾತ್ರ ಸಂಕಟದಲ್ಲಿ ನಿಂತಿರುತ್ತಾಳೆ. ಡಾಕ್ಟರು ಎರಡು ವರ್ಷದವರೆಗೆ ಸಕ್ಕರೆ ಬೇಡ ಅಂದಿರುತ್ತಾರೆ, ಅತ್ತೆ ಹಚ್ಚು ಅನ್ನುತ್ತಾರೆ. ನಾನು ಅತ್ತೆಯರ ವಯಸ್ಸಿನವಳೇ. ಆದರೂ ಈ ವಿಷಯದಲ್ಲಿ ನಾನು ಡಾಕ್ಟರ ಪಕ್ಷ.

ಹಾಗಂತ ಕೂಸನ್ನು ಹಬ್ಬದಿಂದ ಹೊರಗೆ ಕೂರಿಸಬೇಕಾಗಿಲ್ಲ. ಅದಕ್ಕೆಂದು ಬೇರೆ ಒಲೆ ಹಚ್ಚುವುದೂ ಬೇಡ. ಹಬ್ಬದ ದಿನ ಯಾರಿಗೆ ಅಷ್ಟು ಪುರುಸೊತ್ತು? ನಮ್ಮ ಸಿಹಿ ಅಡುಗೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹೋಳಿಗೆ, ಹುಗ್ಗಿ, ಸಜ್ಜಕ, ಪಾಯಸ, ಎಲ್ಲದರಲ್ಲೂ ಬೆಲ್ಲ ಬೀಳುವುದು ಕೊನೆಗೇ. ಅದಕ್ಕೂ ಮೊದಲು ಪಾತ್ರೆಯಲ್ಲಿ ಇರುವುದು ಬೆಂದ ಬೇಳೆ, ಬೆಂದ ಗೋಧಿ, ಬೆಂದ ರವೆ. ಅಲ್ಲೇ ಎರಡು ಸೌಟು ತೆಗೆದು ಒಂದು ಬಟ್ಟಲಿಗೆ ಹಾಕಿ ಮುಚ್ಚಿಡಿ. ಅದು ಕೂಸಿನ ಪಾಲು.

ಹೋಳಿಗೆಯಿಂದಲೇ ಶುರು ಮಾಡುತ್ತೇನೆ. ದೊಡ್ಡವರಿಗೆ ಕಡಲೆ ಬೇಳೆ ಹೂರಣ ಇರಲಿ. ಆರೇಳು ತಿಂಗಳ ಕೂಸಿಗೆ ಅದು ಸ್ವಲ್ಪ ಭಾರ, ಹೊಟ್ಟೆ ಉಬ್ಬರಿಸಬಹುದು. ತೊಗರಿ ಬೇಳೆ ಹಗುರ. ನಮ್ಮ ಜಿಲ್ಲೆ ತೊಗರಿಯ ಕಣಜ. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ಇಂಥ ಬೇಳೆ ಮನೆಯಲ್ಲಿಟ್ಟುಕೊಂಡು ಕೂಸಿಗೆ ಅಂಗಡಿ ಬಿಸ್ಕತ್ತು ಅದ್ದಿ ತಿನ್ನಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೇಳೆಯನ್ನು ಬೆರಳಲ್ಲಿ ಒತ್ತಿದರೆ ಕರಗುವ ಹಾಗೆ ಬೇಯಿಸಿ. ಕಟ್ಟು ಬಸಿಯುವಾಗ ಅರ್ಧ ಬಟ್ಟಲು ಕಟ್ಟನ್ನೂ ತೆಗೆದಿಡಿ, ಉಪ್ಪು ಖಾರ ಬೀಳುವ ಮೊದಲು. ಬೇಳೆಯನ್ನು ಮಸೆದು, ಕಟ್ಟಿನಲ್ಲಿ ಸಡಿಲ ಮಾಡಿ, ಅರ್ಧ ಚಮಚ ತುಪ್ಪ ಹಾಕಿ, ಚಿಟಿಕೆಯಷ್ಟು ಏಲಕ್ಕಿ ಪುಡಿ ಉದುರಿಸಿ. ಮನೆಯೆಲ್ಲ ಹರಡಿದ ಹೋಳಿಗೆಯ ವಾಸನೆಯೇ ಕೂಸಿನ ಬಟ್ಟಲಿನಲ್ಲೂ ಇರುತ್ತದೆ. ಅದಕ್ಕೆ ಬೇಕಾಗಿರುವುದು ಅಷ್ಟೇ. ಸಿಹಿ ಸಾಲದು ಅನ್ನಿಸುವುದು ನಮ್ಮ ನಾಲಿಗೆಗೆ, ಅದರ ನಾಲಿಗೆಗಲ್ಲ.

ವರ್ಷ ದಾಟಿದ ಮಗುವಾದರೆ ಅದಕ್ಕೂ ಒಂದು ಪುಟ್ಟ ಹೋಳಿಗೆ ತಟ್ಟಬಹುದು. ಬೇಳೆಯ ಜೊತೆ ಬೇಯಿಸಿದ ಗೆಣಸನ್ನು ಸಮಸಮ ಸೇರಿಸಿ ನುಣ್ಣಗೆ ಮಾಡಿ. ಬೇಳೆ ಒಂದೇ ಆದರೆ ಬೆಲ್ಲದ ಅಂಟಿಲ್ಲದೆ ಉದುರುತ್ತದೆ, ಗೆಣಸು ಅದನ್ನು ಹಿಡಿದುಕೊಳ್ಳುತ್ತದೆ. ಕಣಕ ಮೈದಾದ್ದು ಬೇಡ, ಗೋಧಿ ಹಿಟ್ಟಿನದೇ ಇರಲಿ. ಹಿಟ್ಟನ್ನು ಸಡಿಲವಾಗಿ ಕಲಸಿ, ಎಣ್ಣೆ ಹಚ್ಚಿ ಚೆನ್ನಾಗಿ ನೆನೆಯಲು ಬಿಟ್ಟರೆ ಮೈದಾ ಇಲ್ಲದೆಯೂ ತೆಳ್ಳಗೆ ಬರುತ್ತದೆ. ಅಂಗೈ ಅಗಲ ತಟ್ಟಿ, ತುಪ್ಪ ಹಾಕಿ ಬೇಯಿಸಿ, ಬೆರಳುದ್ದ ಪಟ್ಟಿ ಪಟ್ಟಿ ಕತ್ತರಿಸಿ ಕೈಗೆ ಕೊಡಿ. ಎಲ್ಲರ ಪಂಕ್ತಿಯಲ್ಲಿ ಕೂತು ತಾನೇ ಹಿಡಿದು ತಿನ್ನುವ ಖುಷಿ ಅದಕ್ಕೂ ಇರಲಿ.

ಗೆಣಸಿನ ಬಗ್ಗೆ ಒಂದು ಮಾತು. ಕುಕ್ಕರಿನಲ್ಲಿ ಸೀಟಿ ಹೊಡೆಸಿದ ಗೆಣಸಿಗಿಂತ ಕೆಂಡದಲ್ಲೋ ಒಲೆಯ ಬೂದಿಯಲ್ಲೋ ನಿಧಾನವಾಗಿ ಸುಟ್ಟ ಗೆಣಸು ಜಾಸ್ತಿ ಸಿಹಿ. ನಿಧಾನದ ಬಿಸಿಯಲ್ಲಿ ಗೆಣಸಿನ ಹಿಟ್ಟಿನ ಅಂಶ ತಾನಾಗಿಯೇ ಸಿಹಿಗೆ ತಿರುಗುತ್ತದೆ. ಕುಕ್ಕರ್ ಅದಕ್ಕೆ ಅಷ್ಟು ಹೊತ್ತು ಕೊಡುವುದಿಲ್ಲ. ಕೆಂಡ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪವೇ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿಡಿ. ಶಿವರಾತ್ರಿಗೆ ಹೇಗೂ ಮನೆಗೆ ಗೆಣಸು, ಖರ್ಜೂರ, ಹಣ್ಣು ಬರುತ್ತವೆ. ಉಪವಾಸದವರು ತಿನ್ನುವುದನ್ನೇ ಮಸೆದು ಕೂಸಿಗೂ ತಿನ್ನಿಸಬಹುದಾದ ಹಬ್ಬ ಅದು. ತಾಯಂದಿರಿಗೆ ಆವತ್ತು ಆರಾಮ.

ಗೋಧಿ ಹುಗ್ಗಿಗೂ ಇದೇ ದಾರಿ. ಕುಟ್ಟಿದ ಗೋಧಿ ರಾತ್ರಿಯಿಡೀ ನೆನೆದು, ಬೆಂದು, ಅರಳಿ ನಿಂತಾಗ ಒಂದು ಸೌಟು ತೆಗೆದಿಡಿ. ಚಿಕ್ಕ ಕೂಸಿಗೆ ಅದನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಜಾಲರಿಯಲ್ಲಿ ಸೋಸಿ, ಯಾಕಂದರೆ ಗೋಧಿಯ ಸಿಪ್ಪೆ ಗಂಟಲಿಗೆ ಅಂಟುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣು, ಇಲ್ಲವೇ ಬೇಯಿಸಿದ ಸಿಹಿಗುಂಬಳ ಮಸೆದು ಸೇರಿಸಿ. ಮಗು ದೊಡ್ಡದಾದರೆ ಹಸಿ ಕೊಬ್ಬರಿಯ ಹಾಲು ಎರಡು ಚಮಚ. ಜಾಜಿಕಾಯಿ ಮಾತ್ರ ಕೂಸಿನ ಬಟ್ಟಲಿಗೆ ಬೇಡ. ದೊಡ್ಡವರಿಗೆ ಹಿತವಾದ ಪ್ರಮಾಣ ಅದಕ್ಕೆ ಜಾಸ್ತಿಯಾಗುತ್ತದೆ. ಗಸಗಸೆಯೂ ಬೇಡ. "ಗಸಗಸಿ ಪಾಯಸ ಕುಡಿಸಿದ್ರ ಕೂಸು ಚಂದ ಮಲಗ್ತದ" ಅಂತ ಹೇಳುವವರು ಇನ್ನೂ ಇದ್ದಾರೆ. ಅಫೀಮಿನ ಗಿಡದ ಬೀಜ ಅದು. ಆ ನಿದ್ದೆ ಒಳ್ಳೆಯದಲ್ಲ.

ಈಗ ಬೆಲ್ಲದ ಮಾತಿಗೆ ಬರೋಣ. "ಸಕ್ಕರಿ ಬ್ಯಾಡ ಅಂದ್ರ ಬೆಲ್ಲ ಹಾಕು, ಬೆಲ್ಲದಾಗ ಕಬ್ಬಿಣ ಅದ" ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಇದ್ದರೂ ಅದು ಅಲ್ಪ. ಬೆಲ್ಲದಲ್ಲಿ ಮುಕ್ಕಾಲು ಪಾಲು ಸಕ್ಕರೆಯೇ. ಕೂಸಿಗೆ ಸಾಕಾಗುವಷ್ಟು ಕಬ್ಬಿಣಕ್ಕೆ ಎಷ್ಟು ಬೆಲ್ಲ ತಿನ್ನಿಸಬೇಕೋ ಅಷ್ಟು ತಿನ್ನಿಸಿದರೆ ಹಲ್ಲು, ಹಸಿವು ಎರಡೂ ಹೋಗುತ್ತವೆ. ಕಲ್ಲುಸಕ್ಕರೆಯದೂ ಅದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ 6ರಿಂದ 23 ತಿಂಗಳ ಮಕ್ಕಳ ಊಟದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲೂ ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸು ಮತ್ತು ಸಿಹಿ ಪಾನೀಯ ಬೇಡ ಅಂತ ಇದೆ. ಆ ವಯಸ್ಸಿನ ಹೊಟ್ಟೆ ಪುಟ್ಟದು. ಒಂದು ಬೆರಳು ಹೂರಣ, ಅರ್ಧ ಪೇಡಾ, ಎರಡು ಚಮಚ ಪಾಯಸ, ಅಷ್ಟಕ್ಕೇ ಅದು ತುಂಬುತ್ತದೆ. ಆಮೇಲೆ ಅನ್ನ ಬೇಳೆ ಕಂಡರೆ ಮುಖ ತಿರುಗಿಸುತ್ತದೆ. ಆಗ ನಾವೇ "ಕೂಸು ಉಣ್ಣವಲ್ದು" ಅಂತ ಗೋಳಾಡುತ್ತೇವೆ.

ಜೇನುತುಪ್ಪದ ವಿಷಯ ಇನ್ನೂ ಗಟ್ಟಿ. ತೊಟ್ಟಿಲ ಕಾರ್ಯದ ದಿನ ಕೂಸಿನ ನಾಲಿಗೆಗೆ ಜೇನು ಸವರುವ ಪದ್ಧತಿ ಹಲವು ಮನೆಗಳಲ್ಲಿದೆ. ವರ್ಷ ತುಂಬುವ ತನಕ ಜೇನು ಒಂದು ಹನಿಯೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಬೊಟುಲಿಸಂ ಅನ್ನುವ ಕಾಯಿಲೆಯ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ದೊಡ್ಡವರಿಗೆ ಅವು ಏನೂ ಮಾಡುವುದಿಲ್ಲ. ಎಳೆ ಕೂಸಿನ ಕರುಳಿನಲ್ಲಿ ಮಾತ್ರ ಬೆಳೆದು ವಿಷ ಮಾಡುತ್ತವೆ. ಕೂಸಿನ ಮೈ ಜೋಲು ಬಿದ್ದು, ಹಾಲು ಚೀಪುವ ಶಕ್ತಿಯೂ ಹೋಗುತ್ತದೆ. ಕುದಿಸಿದರೂ ಆ ಬೀಜಕಗಳು ಸಾಯುವುದಿಲ್ಲ. ಹೊಲದಿಂದ ತಂದ ಶುದ್ಧ ಜೇನು ಅಂದರೂ ಅಷ್ಟೇ. ಇನ್ನು ಆರು ತಿಂಗಳು ತುಂಬದ ಕೂಸಿಗೆ ತಾಯಿ ಹಾಲೊಂದೇ ಹಬ್ಬದೂಟ. ನೀರೂ ಬೇಡ. ಆ ಹಾಲೂ ಸಿಹಿಯೇ ಅಲ್ವಾ?

ಖರ್ಜೂರಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಲೆಕ್ಕದಲ್ಲಿ. ಬೀಜ ತೆಗೆದು, ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮಸೆದು, ಸಿಪ್ಪೆ ಉಳಿಯದ ಹಾಗೆ ಸೋಸಿಕೊಳ್ಳಿ. ಉತ್ತತ್ತಿಯಾದರೆ ರಾತ್ರಿಯೇ ನೆನೆಹಾಕಿ. ಒಂದು ಬಟ್ಟಲು ಗಂಜಿಗೆ ಅರ್ಧ ಚಮಚ ಸಾಕು. ಅದು ಹಲ್ಲಿಗೆ ಅಂಟುತ್ತದೆ, ತಿಂದ ಮೇಲೆ ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿ. ಅಂಗಡಿಯ ಖರ್ಜೂರದ ಸಿರಪ್ ಬೇರೆ ವಸ್ತು, ಅದನ್ನು ಸಕ್ಕರೆ ಪಾಕ ಅಂತಲೇ ತಿಳಿಯಿರಿ. "ಸಕ್ಕರೆ ಸೇರಿಸಿಲ್ಲ" ಅಂತ ಬರೆದ ಮಕ್ಕಳ ಪ್ಯಾಕೆಟ್ಟುಗಳ ಹಿಂಬದಿಯನ್ನೂ ಒಮ್ಮೆ ಓದಿ. ಮಾಲ್ಟೋಡೆಕ್ಸ್ಟ್ರಿನ್ (ಹೊಟ್ಟೆಯಲ್ಲಿ ಬೇಗ ಸಕ್ಕರೆಯಾಗುವ ಪಿಷ್ಟದ ಪುಡಿ), ಹಣ್ಣಿನ ಸಾಂದ್ರ ರಸ ಅಂತ ಕಂಡರೆ ವಾಪಸ್ ಇಟ್ಟುಬಿಡಿ.

ಪಂಚಮಿ ಉಂಡಿಗಳ ಹಬ್ಬ. ಚಿಕ್ಕ ಮಕ್ಕಳ ಮನೆಯಲ್ಲಿ ನನಗೆ ಜಾಸ್ತಿ ಭಯ ಇರುವುದೂ ಆವತ್ತೇ. ಗಟ್ಟಿ ಪಾಕದ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು (ಹುರಿದು ಅರಳಿಸಿದ ಜೋಳ) ಎಲ್ಲ ತಟ್ಟೆಗಳಲ್ಲಿ ಕೈಗೆಟಕುವ ಹಾಗೆ ಇರುತ್ತವೆ. ಇಡೀ ಶೇಂಗಾ ಕಾಳು ಐದು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು, ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅಳ್ಳೂ ಹಾಗೆಯೇ. ಜೋಕಾಲಿ ಮೇಲೆ ಕೂತು ತಿನ್ನಿಸುವುದಂತೂ ಬೇಡವೇ ಬೇಡ. ಆದರೆ ಅದೇ ಅಳ್ಳನ್ನು ಬೀಸಿ, ಜರಡಿ ಹಿಡಿದರೆ ಬರುವ ಹಿಟ್ಟು ಹಗುರ, ಘಮ ಘಮ, ಬೇಯಿಸುವ ಕೆಲಸವೂ ಇಲ್ಲ. ಅದಕ್ಕೆ ಬಾಳೆಹಣ್ಣು ಕಿವುಚಿ, ಬೆಚ್ಚಗಿನ ಹಾಲಿನಲ್ಲಿ ಸಡಿಲ ಮಾಡಿದರೆ ಎಂಟು ತಿಂಗಳ ಕೂಸೂ ಬಾಯಿ ತೆರೆಯುತ್ತದೆ. ಒಂದೂವರೆ ವರ್ಷದ ಮಗುವಿಗೆ ಮೆತ್ತನೆಯ ಉಂಡಿ ಕಟ್ಟಬಹುದು. ಶೇಂಗಾ ಹುರಿದು, ಕೆಂಪು ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ. ಒಂದು ಬಟ್ಟಲು ಅಳ್ಳಿನ ಹಿಟ್ಟಿಗೆ ಅರ್ಧ ಬಟ್ಟಲು ಶೇಂಗಾ ಪುಡಿ, ಐದಾರು ಖರ್ಜೂರದ ಮಸೆತ, ಎರಡು ಚಮಚ ತುಪ್ಪ. ಗೋಲಿಯಷ್ಟು ದುಂಡಗೆ ಕಟ್ಟಬೇಡಿ, ಚಪ್ಪಟೆ ಮಾಡಿ. ಒತ್ತಿದರೆ ಪುಡಿಯಾಗುವಂತಿರಲಿ.

ಶೇಂಗಾ, ಎಳ್ಳು, ಹಾಲು ಇಂಥವನ್ನು ಮೊದಲ ಸಲ ತಿನ್ನಿಸುವುದಿದ್ದರೆ ಹಬ್ಬದ ದಿನ ಆರಿಸಿಕೊಳ್ಳಬೇಡಿ. ನಾಲ್ಕು ದಿನ ಮೊದಲೇ ಒಂದೊಂದಾಗಿ, ಚೂರೇ ಚೂರು ಕೊಟ್ಟು ನೋಡಿ. ಮೈ ಮೇಲೆ ದದ್ದು, ತುಟಿ ಬಾವು, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದ ಹಾಗೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಹಬ್ಬದ ದಿನ ಎಲ್ಲ ಒಟ್ಟಿಗೇ ತಿನ್ನಿಸಿದರೆ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ಎಳ್ಳ ಅಮಾವಾಸ್ಯೆ ನನ್ನ ಪ್ರೀತಿಯ ಹಬ್ಬ, ಕೂಸುಗಳಿಗೂ ಅದೇ ಒಳ್ಳೆಯದು. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಅಡುಗೆಯ ಎಡೆಯನ್ನು ಹೊಲದಲ್ಲಿ ಚೆಲ್ಲಿ, ಅಲ್ಲೇ ಕೂತು ಉಣ್ಣುವಾಗ ಅಲ್ಲಿ ಬೇಡವೆನ್ನುವಂಥದ್ದು ಕಡಿಮೆ. ಭಜ್ಜಿಗೆಂದು (ಕಾಳು ಸೊಪ್ಪಿನ ಪಲ್ಯ) ಬೇಯಿಸಿದ ಹಸಿ ತೊಗರಿ ಕಾಳು, ಸುಲಗಾಯಿ (ಹಸಿ ಕಡಲೆ), ಅವರೆ, ಸೊಪ್ಪು ಎಲ್ಲ ಖಾರ ಬೀಳುವ ಮೊದಲು ಎಷ್ಟು ಸಿಹಿ ಇರುತ್ತವೆ ಅಂತ ದೊಡ್ಡವರೂ ಒಮ್ಮೆ ರುಚಿ ನೋಡಬೇಕು. ಸಿಪ್ಪೆ ಹಿಚುಕಿ ತೆಗೆದು, ಮಸೆದು, ತುಪ್ಪ ಹಾಕಿ ಕೊಡಿ. ಸಜ್ಜೆ ಕಡುಬನ್ನು ಮುರಿದು ಅದರಲ್ಲೇ ನೆನೆಸಿದರೆ ಇನ್ನೂ ಚೆನ್ನ. ಇದಾಗಿ ಕೆಲವು ದಿನಕ್ಕೆ ಸೀತನಿ ಬರುತ್ತದೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದ ಆ ಹಸಿರು ಕಾಳಿನ ಸಿಹಿಗೆ ಬೆಲ್ಲ ಯಾಕೆ ಬೇಕೋ ನನಗಂತೂ ತಿಳಿದಿಲ್ಲ. ಹಲ್ಲು ಬಂದ ಮಕ್ಕಳಿಗೆ ಜಜ್ಜಿ ಮೊಸರಿನಲ್ಲಿ ಕಲಸಿ, ಹಲ್ಲಿಲ್ಲದವಕ್ಕೆ ರುಬ್ಬಿ ಗಂಜಿ ಕಾಯಿಸಿ.

ರಂಜಾನಿಗೆ ಪಕ್ಕದ ಮನೆಯಿಂದ ಶೀರ್ ಖುರ್ಮಾ ಬರುವ ಓಣಿಗಳು ನಮ್ಮ ಕಲಬುರಗಿ, ಬೀದರಿನಲ್ಲಿ ಬೇಕಾದಷ್ಟಿವೆ. ಸಲಿಗೆ ಇದ್ದರೆ ಹಿಂದಿನ ದಿನವೇ ಹೇಳಿಬಿಡಿ, "ಆಪಾ, ಸಕ್ಕರಿ ಹಾಕೋ ಮೊದ್ಲು ಕೂಸಿಗಿ ಒಂದ್ ಕಪ್ ತೆಗೆದಿಡ್ರಿ" ಅಂತ. ಹಾಲು, ಖರ್ಜೂರ, ಶಾವಿಗೆ ಕುದ್ದದ್ದೇ ಸಾಕಷ್ಟು ಸಿಹಿ. ಬಾದಾಮಿ, ಚಾರೋಳಿ ಚೂರು ಇದ್ದರೆ ಆರಿಸಿ ತೆಗೆಯಿರಿ.

ದೀಪಾವಳಿಗೆ ಜಾಸ್ತಿ ಹೇಳುವುದಿಲ್ಲ. ಗಜ್ಜರಿ (ಕ್ಯಾರೆಟ್) ತುರಿದು ಹಾಲಿನಲ್ಲಿ ಗಟ್ಟಿಯಾಗುವ ತನಕ ಬೇಯಿಸಿ ತುಪ್ಪ ಹಾಕಿದರೆ ಸಕ್ಕರೆ ಇಲ್ಲದ ಹಲ್ವಾ ಆಯಿತು. ಆಗ ಸೀತಾಫಲವೂ ಬುಟ್ಟಿಗಟ್ಟಲೆ ಬರುತ್ತದೆ. ಬೀಜ ಒಂದೂ ಉಳಿಯದಂತೆ ಕೈಯಲ್ಲೇ ತೆಗೆಯಿರಿ, ಮಿಕ್ಸಿಗೆ ಹಾಕಬೇಡಿ. ಆ ಬೀಜ ಒಡೆದರೆ ವಿಷ.

ಹೋಳಿ, ಯುಗಾದಿ ಹೊತ್ತಿಗೆ ಮಕ್ಕಳ ಕೊರಳಿಗೆ ಸಕ್ಕರೆ ಸರ ಹಾಕುತ್ತಾರೆ. ಹಾಕಲಿ, ಫೋಟೋ ತೆಗೆಯಲಿ, ಆಮೇಲೆ ಬಿಚ್ಚಿಡಿ. ಇಲ್ಲದಿದ್ದರೆ ಸಂಜೆ ತನಕ ಚೀಪುತ್ತಲೇ ಇರುತ್ತದೆ, ದಾರ ಕೊರಳಿಗೆ ಸುತ್ತಿಕೊಳ್ಳುವ ಭಯ ಬೇರೆ. ನೆಂಟರ ಜೊತೆ ಜಗಳ ಮಾತ್ರ ಬೇಡ. ಕೂಸಿನ ಬಟ್ಟಲನ್ನು ಅವರ ಕೈಗೇ ಕೊಟ್ಟು "ಚಿಗವ್ವ, ನೀವೇ ಉಣಿಸ್ರಿ" ಅನ್ನಿ. ಅವರಿಗೆ ಬೇಕಾಗಿದ್ದು ತಮ್ಮ ಕೈಯಾರೆ ಒಂದು ತುತ್ತು ತಿನ್ನಿಸುವುದು, ಅಷ್ಟೇ. ಎರಡು ವರ್ಷ ದಾಟಿದ ಮೇಲೆ ಮನೆಯವರ ಹೋಳಿಗೆಯಲ್ಲೇ ಒಂದು ಚೂರು ತಿಂದರೆ ನಾನೂ ಬೇಡ ಅನ್ನುವುದಿಲ್ಲ.

ಹೋಳಿ ಮುಗಿದ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ. ಬಿಸಿಲು ಏರುವ ಕಾಲ. ಕೂಸನ್ನು ಕರೆದುಕೊಂಡು ಹೋಗುವವರು ಬೆಂಡು ಬತ್ತಾಸಿನ ಅಂಗಡಿ ಮುಂದೆ ನಿಲ್ಲುವ ಮೊದಲೇ ಅದರ ಹೊಟ್ಟೆ ತುಂಬಿಸಿ. ಡಬ್ಬಿಯಲ್ಲಿ ಸುಟ್ಟ ಗೆಣಸು, ಸಿಪ್ಪೆ ಸುಲಿಯದ ಬಾಳೆಹಣ್ಣು ಒಯ್ಯಿರಿ. ಹಾಲು ಹಾಕಿದ್ದು, ಮಸೆದು ಕಲಸಿದ್ದು ಬೇಡ, ಆ ಬಿಸಿಲಿಗೆ ಒಂದೆರಡು ತಾಸಿನಲ್ಲಿ ಹುಳಿ ಬರುತ್ತದೆ. ಕೂಸು ಎಂಜಲು ಮಾಡಿ ಉಳಿಸಿದ್ದನ್ನು ಸಂಜೆಗೆ ಅಂತ ಎತ್ತಿಡಬೇಡಿ. ಅಲ್ಲೇ ನೀವೇ ತಿಂದುಬಿಡಿ.