ಒಂದು ಚೌಕಕ್ಕೆ ಒಂದೇ ಉತ್ತರ: ಪೆರ್ಲದ ಕಡೆ ನಾನು ಮಾಡಿದ 2001ರ ಜನಗಣತಿ

2001ರ ಫೆಬ್ರವರಿ 9ರಿಂದ 28ರ ತನಕ ದೇಶವಿಡೀ ಜನಗಣತಿ ನಡೆದಾಗ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತಿನ ಒಂದು ಬ್ಲಾಕು (ಒಬ್ಬ ಗಣತಿದಾರನಿಗೆ ವಹಿಸುವಷ್ಟು ಮನೆಗಳ ಗುಂಪು) ನನ್ನ ಪಾಲಿಗೆ ಬಂತು. ಆಗ ಮಂಜೇಶ್ವರ ಬೇರೆ ತಾಲೂಕು ಆಗಿರಲಿಲ್ಲ, ನಮಗೆಲ್ಲ ಕಾಸರಗೋಡೇ ತಾಲೂಕು. ಕನ್ನಡ ಶಾಲೆಯ ಮಾಸ್ಟ್ರು ನಾನು, ಕೈಗೆ ಬಂದದ್ದು ಮಲಯಾಳದ ಫಾರಂ. ಓದಲು ಬರುತ್ತಿತ್ತು, ಹಾಗಾಗಿ ತೊಂದರೆ ಎನ್ನುವಂಥದ್ದೇನಿಲ್ಲ. ಆದರೂ ಮೊದಲ ರಾತ್ರಿ ಕೂತು ಪ್ರಶ್ನೆಗಳನ್ನೆಲ್ಲ ನನ್ನದೇ ಮಾತಿನಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಒಬ್ಬೊಬ್ಬರ ಬಗ್ಗೆ 23 ಪ್ರಶ್ನೆ. ಅಂಗಳದಲ್ಲಿ ನಿಂತು ಮನಸ್ಸಿನಲ್ಲೇ ಭಾಷೆ ಬದಲಾಯಿಸುತ್ತಾ ಕೇಳಲು ಹೊರಟರೆ ಅರ್ಧ ಪ್ರಶ್ನೆ ಅಲ್ಲೇ ಬಾಗುತ್ತದೆ.

ಆ ಸಲದ ಫಾರಂ ಯಂತ್ರ ಓದುವಂಥದ್ದು. ಅಂಕೆ ಚೌಕದ ಗೆರೆಗೆ ತಾಗಬಾರದು, ಹಾಳೆ ಮಡಚಬಾರದು, ಬೆವರು ಬೀಳಬಾರದು. ಗುಡ್ಡೆ ಹತ್ತಿ ಬೈಲಿಗೆ ಇಳಿದು ಹೋಗುವ ದಾರಿಯಲ್ಲಿ ಇದೆಲ್ಲ ಹೇಳಿದಷ್ಟು ಸುಲಭ ಅಲ್ಲ. ರಟ್ಟಿನ ಫೈಲಿನ ಮೇಲೆ ಪ್ಲಾಸ್ಟಿಕ್ ಹಾಕಿ ಬಿಗಿದುಕೊಂಡೇ ತಿರುಗಿದೆ.

ಮನೆಗಳ ಪಟ್ಟಿ ಮತ್ತು ನಕ್ಷೆಯ ಕೆಲಸ 2000ದಲ್ಲೇ ಮುಗಿದಿತ್ತು. ನಕ್ಷೆಯಲ್ಲಿ ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ಆದರೆ ಮನೆ ಎಂದರೆ ಕುಟುಂಬ ಅಲ್ಲ. ಕುಟುಂಬ ಎಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ನಮ್ಮ ಕಡೆಯ ಹಳೇ ನಾಲ್ಕು ಸುತ್ತಿನ ಮನೆಗಳಲ್ಲಿ ಅಣ್ಣ ತಮ್ಮಂದಿರು ಒಂದೇ ಮಾಡಿನಡಿ ಇದ್ದು ಒಲೆ ಮಾತ್ರ ಬೇರೆ ಮಾಡಿಕೊಂಡಿರುತ್ತಾರೆ, ಅದನ್ನು ಹೊರಗಿನವರಿಗೆ ಹೇಳಲು ಹಿಂಜರಿಯುತ್ತಾರೆ. “ಪಾಲಾಗಿದೆಯಾ?” ಎಂದು ಕೇಳಿದರೆ ಮುಖ ಗಂಟಾಗುತ್ತದೆ. ನಾನು ಕೇಳುತ್ತಿದ್ದದ್ದು “ಇವತ್ತು ಅಕ್ಕಿ ಎಷ್ಟು ಕಡೆ ಹಾಕಿದ್ದೀರಿ?” ಎಂದು. ಉತ್ತರ ಅಡುಗೆಮನೆಯಿಂದಲೇ ಬರುತ್ತಿತ್ತು, ಗಂಡಸರಿಗೆ ಬಾಯಿ ಹಾಕಲು ಅವಕಾಶ ಇರುತ್ತಿರಲಿಲ್ಲ.

ಹೆಸರು ಬರೆಯುವಲ್ಲಿ ಅಜ್ಜಿಯಂದಿರು ಗಂಡನ ಹೆಸರು ಹೇಳುವುದಿಲ್ಲ. 1948ರ ಜನಗಣತಿ ಕಾಯ್ದೆಯಲ್ಲೇ ಅದಕ್ಕೆ ರಕ್ಷಣೆ ಉಂಟು: ಗಂಡನ ಹೆಸರನ್ನು, ರೂಢಿಯಂತೆ ಬಾಯಲ್ಲಿ ಹೇಳಬಾರದ ಯಾರ ಹೆಸರನ್ನೂ ಹೇಳಲೇಬೇಕೆಂದು ಹೆಂಗಸನ್ನು ಒತ್ತಾಯಿಸುವಂತಿಲ್ಲ. ಬ್ರಿಟಿಷರ ಕಾಲದಿಂದ ಮನೆಮನೆ ತಿರುಗಿದವರ ಅನುಭವ ಕಾಯ್ದೆಗೆ ಬಂದದ್ದು ಹೀಗೇ ಇರಬೇಕು. “ಪುಳ್ಳಿ ಎಲ್ಲಿದ್ದಾನೆ, ಕರೆಯಿರಿ” ಎಂದರೆ ಸಾಕು, ಮೊಮ್ಮಗು ಓಡಿ ಬಂದು ಅಜ್ಜನ ಹೆಸರನ್ನು ಕೂಗಿಯೇ ಹೇಳುತ್ತಿತ್ತು.

ಪ್ರಾಯದ್ದು ಮಾತ್ರ ಕಷ್ಟ. ಕೇಳಿದರೆ ಐವತ್ತು, ಅರುವತ್ತು, ಎಪ್ಪತ್ತೈದು. ದೇಶವಿಡೀ ಇದೇ ಚಾಳಿ, ಗಣತಿಯ ಪ್ರಾಯದ ಕೋಷ್ಟಕ ನೋಡಿದರೆ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ಪ್ರಾಯದವರೇ ಗುಂಪುಗುಂಪಾಗಿ ನಿಂತಿರುತ್ತಾರೆ. ಅದಕ್ಕೆ ನಾನು ಊರಿನ ನೆನಪುಗಳನ್ನು ಹಿಡಿದೆ. ಸ್ವಾತಂತ್ರ್ಯ ಬಂದಾಗ ಶಾಲೆಗೆ ಸೇರಿದ್ದಿರಾ? ಕಾಸರಗೋಡು ಕೇರಳಕ್ಕೆ ಹೋದ ವರ್ಷ, ಅಂದರೆ 1956ರಲ್ಲಿ, ಮದುವೆ ಆಗಿತ್ತಾ? ಭೂಮಸೂದೆ ಬಂದಾಗ ದೊಡ್ಡ ಮಗನಿಗೆ ಎಷ್ಟು? 1956ರ ನೆನಪು ಇಲ್ಲದ ಹಳಬರು ನನಗೆ ಸಿಗಲಿಲ್ಲ, ಪಕ್ಷ ಯಾವುದೇ ಇರಲಿ.

ಇಷ್ಟೆಲ್ಲ ಕೇಳಿ ತಿಳಿದುಕೊಳ್ಳುವ ಕೆಲಸ. ನಿಜವಾದ ಇಕ್ಕಟ್ಟು ಬೇರೆ: ಮನುಷ್ಯನಿಗೆ ನಾಲ್ಕು ಉತ್ತರ ಇರುವಲ್ಲಿ ಫಾರಮ್ಮಿನಲ್ಲಿ ಒಂದೇ ಚೌಕ.

ಮೊದಲು ಮಾತೃಭಾಷೆ. ಬ್ಲಾಕಿಗೆ ಇಳಿಯುವ ಮೊದಲೇ ಪೇಟೆಯಲ್ಲಿ ಕೆಲವರು ಹಿಡಿದು ನಿಲ್ಲಿಸಿದರು. “ಮಾಸ್ಟ್ರೇ, ತುಳುವರದ್ದೆಲ್ಲ ಕನ್ನಡ ಅಂತಲೇ ಹಾಕಿ. ನಮ್ಮ ಸಂಖ್ಯೆ ಇಳಿದರೆ ಮತ್ತೆ ಕೇಳುವವರು ಯಾರು?” ಬೇರೆ ಕೆಲವರು ಅಷ್ಟೇ ಪ್ರೀತಿಯಿಂದ, “ತುಳುವನ್ನು ಬಿಟ್ಟುಬಿಡಬೇಡಿ ಮಾರಾಯ್ರೇ” ಎಂದರು. ಎರಡೂ ಕಡೆಯವರ ಹೆದರಿಕೆಗೆ ಕಾರಣ ಇಲ್ಲದಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೆ ಆಯೋಗದವರು ನೋಡಿದ್ದು 1951ರ ಗಣತಿಯ ಭಾಷಾ ಅಂಕಿಗಳನ್ನು. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದದ್ದು ಕಡತದಲ್ಲೇ ಉಳಿಯಿತು. ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಸರಕಾರಿ ಪ್ರಕಟಣೆ ಸಿಗಬೇಕೆನ್ನುವ ಲೆಕ್ಕಾಚಾರವೂ ಶೇಕಡಾವಾರಿನ ಮೇಲೆಯೇ ನಿಂತಿದೆ. ಅಂಕಿಯಿಂದ ಪೆಟ್ಟು ತಿಂದ ಊರು ಇದು, ಗಣತಿದಾರನನ್ನು ಕಂಡಾಗ ಸುಮ್ಮನಿರುವುದಿಲ್ಲ.

ನಾನೂ ಕನ್ನಡದ ಅನ್ನ ಉಂಡವನೇ. ಆದರೆ ಸೂಚನೆಯ ಪುಸ್ತಕದಲ್ಲಿ ಮಾತು ಖಡಾಖಂಡಿತ: ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯ ಹತ್ತಿರ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಹೋಗಿದ್ದರೆ ಆಗ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಮನೆಯವರಿಗೆಲ್ಲ ಒಂದೇ ಎಂದು ಎಳೆದು ಹಾಕುವಂತಿಲ್ಲ, ಒಬ್ಬೊಬ್ಬರಿಗೂ ಬೇರೆಬೇರೆ ಕೇಳಬೇಕು. ಧರ್ಮಕ್ಕೂ ಭಾಷೆಗೂ ಗಂಟು ಹಾಕಬಾರದು. ಹೇಳಿದ್ದನ್ನು ಪೂರ್ತಿ ಬರೆಯಬೇಕು, ವಾದ ಮಾಡಬಾರದು.

ನಾನು “ನಿಮ್ಮ ಮಾತೃಭಾಷೆ ಯಾವುದು?” ಎಂದು ಕೇಳುವುದನ್ನೇ ಬಿಟ್ಟೆ. ಹಾಗೆ ಕೇಳಿದರೆ ಜನ ಶಾಲೆಯ ಭಾಷೆ ಹೇಳುತ್ತಾರೆ, ಇಲ್ಲವೆ ಎದುರಿರುವ ಮಾಸ್ಟ್ರನ್ನು ನೋಡಿ ಅವನಿಗೆ ಸಂತೋಷ ಆಗುವಂಥದ್ದನ್ನು ಹೇಳುತ್ತಾರೆ. “ಸಣ್ಣದಿರುವಾಗ ನಿಮ್ಮ ಅಮ್ಮ ನಿಮ್ಮ ಹತ್ತಿರ ಎಂತ ಭಾಷೆಯಲ್ಲಿ ಮಾತಾಡ್ತಿದ್ರು?” ಎಂದು ಕೇಳಿದೆ. ಒಂದು ಮನೆಯಲ್ಲಿ ಅತ್ತೆಯದ್ದು ತುಳು, ಸುಳ್ಯದ ಆಚೆಯಿಂದ ಬಂದ ಸೊಸೆಯದ್ದು ಕನ್ನಡ. ಹಾಗಾದರೆ ಮಕ್ಕಳದ್ದು ಕನ್ನಡ. ಅತ್ತೆಗೆ ಇದು ಒಪ್ಪಿಗೆ ಆಗಲಿಲ್ಲ. “ಅಂಚತ್ತ್ ಮಾಸ್ಟ್ರೇ, ಎಂಕ್ಲೆನ ಇಲ್ಲಡ್ ತುಳುವೇ” (ಹಾಗಲ್ಲ, ನಮ್ಮ ಮನೆಯಲ್ಲಿ ತುಳುವೇ) ಎಂದು ಪಟ್ಟು ಹಿಡಿದರು. ಸೊಸೆ ಬಾಗಿಲ ಹಿಂದೆ ಮೌನ. ನಾನು ಮಗುವಿನ ಕಡೆ ತಿರುಗಿ ಏನೋ ಕೇಳಿದೆ, ಅದು ಅಮ್ಮನನ್ನು ನೋಡಿ ಕನ್ನಡದಲ್ಲೇ ಉತ್ತರ ಕೇಳಿತು. ಅತ್ತೆಗೇ ನಗು ಬಂತು, “ಹಾಗಾದರೆ ಕನ್ನಡವೇ ಬರೆಯಿರಿ” ಎಂದರು. ಇನ್ನೊಂದು ಕಡೆ ನಾನು ಹತ್ತಾರು ವರ್ಷ ಕನ್ನಡದಲ್ಲೇ ಮಾತಾಡಿದ ಮನೆಯವರು “ಮರಾಠಿ” ಎಂದರು. ಮರಾಟಿ ನಾಯ್ಕರ ಮನೆ, ಒಳಗೆ ಆಡುವುದು ಅವರದ್ದೇ ಭಾಷೆ. ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಒಂದೇ ಬ್ಲಾಕಿನಲ್ಲಿ ಬಂತು.

ಮಾತೃಭಾಷೆಯ ನಂತರ ಗೊತ್ತಿರುವ ಬೇರೆ ಭಾಷೆಗಳಿಗೆ ಜಾಗ ಉಂಟು, ಎರಡಕ್ಕೆ ಮಾತ್ರ, ಚೆನ್ನಾಗಿ ಬರುವ ಕ್ರಮದಲ್ಲಿ. ನಮ್ಮ ಊರಿನ ಬಸ್ಸಿನ ಕಂಡಕ್ಟರಿಗೆ ಎರಡು ಭಾಷೆ ಎಲ್ಲಿಗೆ ಸಾಕು! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ, ಪೇಟೆಯಲ್ಲಿ ಬ್ಯಾರಿ, ದೇವಸ್ಥಾನದಲ್ಲಿ ಭಟ್ಟರ ಹವ್ಯಕ ಕೇಳಿ ಕೇಳಿ ಅದೂ. ಪೇಟೆಯಲ್ಲಿ ನನ್ನನ್ನು ನಿಲ್ಲಿಸಿದವರಿಗೆ ನಾನು ಕೊಡಬಹುದಾಗಿದ್ದ ಸಮಾಧಾನ ಈ ಎರಡನೇ ಸಾಲು. ತುಳುವರ ಕನ್ನಡ ಅಲ್ಲಿ ಸಾಲುಸಾಲಾಗಿ ಬಂತು, ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ಕಾಲಂ ಒಂದನ್ನೇ ಹಿಡಿದು ಜಗಳ ಮಾಡುವವರು ಈ ದ್ವಿಭಾಷೆ, ತ್ರಿಭಾಷೆಯ ಕೋಷ್ಟಕಗಳನ್ನು ಯಾಕೆ ತೆರೆದು ನೋಡುವುದಿಲ್ಲ ಎನ್ನುವುದು ನನಗೆ ಈಗಲೂ ಅರ್ಥ ಆಗುವುದಿಲ್ಲ.

ಕೆಲಸದ ಪ್ರಶ್ನೆಯಲ್ಲಿ ಸಿಟ್ಟಾದವರು ಅಡಿಕೆ ಕೃಷಿಕರು. ಕೆಲಸಗಾರರನ್ನು ನಾಲ್ಕು ವರ್ಗ ಮಾಡಿದ್ದರು: ಬೇಸಾಯಗಾರ, ಕೃಷಿ ಕೂಲಿ, ಮನೆ ಕೈಗಾರಿಕೆಯವರು, ಇತರರು. ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಇವೆಲ್ಲ ತೋಟದ ಬೆಳೆ, ಗಣತಿಯ ಲೆಕ್ಕದ ಬೇಸಾಯದೊಳಗೆ ಬರುವುದಿಲ್ಲ. ಅಂದರೆ ಅಜ್ಜನ ಕಾಲದಿಂದ ಕಂಗು (ಅಡಿಕೆ ಮರ) ನಂಬಿದ ಮನೆಯವರು ‘ಇತರ ಕೆಲಸಗಾರರು’. ಗದ್ದೆ ಮುಖ್ಯವಾಗಿದ್ದರೆ ಮಾತ್ರ ಬೇಸಾಯಗಾರ. “ನಾನು ಕೃಷಿಕ ಅಲ್ಲದಿದ್ದರೆ ಮತ್ತೆ ಎಂತ, ಬ್ಯಾಂಕಿನ ಮೆನೇಜರಾ?” ಎಂದು ಒಬ್ಬರು ಕೇಳಿದರು. ಕಾಸರಗೋಡಿನ ಹಳ್ಳಿಯ ಬೇಸಾಯಗಾರರ ಸಂಖ್ಯೆ ಕಡಿಮೆ ಕಂಡರೆ ಜನ ಕೃಷಿ ಬಿಟ್ಟರೆಂದು ಬರೆಯುವವರು ಇದನ್ನು ಸ್ವಲ್ಪ ಗಮನಿಸಬೇಕು.

ಹೆಂಗಸರದ್ದು ತಿರುಗಾಮುರುಗಾ. “ಎಂತ ಕೆಲಸವೂ ಇಲ್ಲ, ಮನೆಯಲ್ಲೇ” ಎನ್ನುವಾಗ ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಬೀಡಿ ಎಲೆ, ಮಾತಾಡುತ್ತಲೇ ಬೆರಳು ಸುತ್ತುತ್ತಾ ಇರುತ್ತದೆ. ಬೀಡಿ ಬ್ರಾಂಚಿಗೆ ಹೋಗಿ ಕೊಡುವ ದಿನ ಯಾವುದು, ವಾರಕ್ಕೆ ಎಷ್ಟು ಕಟ್ಟುತ್ತೀರಿ ಎಂದು ಕೇಳಿದರೆ ಆಗ ಲೆಕ್ಕ ಹೊರಗೆ ಬರುತ್ತದೆ. ವರ್ಷದಲ್ಲಿ ಆರು ತಿಂಗಳಿಗೆ ಕಡಿಮೆ ಇಲ್ಲದಷ್ಟು ಕೆಲಸ ಮಾಡಿದ್ದರೆ ಮುಖ್ಯ ಕೆಲಸಗಾರ್ತಿ, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವಳು. ಮನೆ ಖರ್ಚಿಗೆ ಮಾತ್ರ ಹಾಲು ಕರೆಯುವುದನ್ನೂ ಆ ಗಣತಿಯಲ್ಲಿ ಕೆಲಸ ಎಂದು ಒಪ್ಪಿದ್ದರು. ಕೊಟ್ಟಿಗೆ ಇರುವ ಮನೆಯ ಗೃಹಿಣಿಯನ್ನು ‘ಕೆಲಸ ಇಲ್ಲದವರು’ ಎಂದು ಬರೆಯುವ ಮೊದಲು ಬೆಳಿಗ್ಗೆ ಹಟ್ಟಿಗೆ ಇಳಿಯುವವರು ಯಾರು ಎಂದು ನಾನು ತಪ್ಪದೆ ಕೇಳುತ್ತಿದ್ದೆ. ಯಜಮಾನರು ಕೆಲವರು ಇದನ್ನು ತಮಾಷೆ ಎಂದುಕೊಂಡರು.

ಸಾಕ್ಷರತೆಯಲ್ಲೂ ಇಂಥದ್ದೇ ಒಂದು. ಏಳು ವರ್ಷ ದಾಟಿ, ಯಾವುದಾದರೂ ಭಾಷೆಯನ್ನು ಅರ್ಥ ತಿಳಿದು ಓದಿ ಬರೆಯಬಲ್ಲವರು ಮಾತ್ರ ಸಾಕ್ಷರರು. ಯಕ್ಷಗಾನದ ಪ್ರಸಂಗ ಪುಸ್ತಕವನ್ನು ರಾಗ ಎಳೆದು ಓದುವ ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ. ಅನಕ್ಷರಸ್ಥೆ ಎಂದು ಬರೆಯಬೇಕಾಯಿತು, ಅವರಿಗೆ ಅದನ್ನು ಹೇಳಲು ಹೋಗಲಿಲ್ಲ.

ಇನ್ನೊಂದು ಚೌಕದ ಬಗ್ಗೆ ಹೇಳದಿದ್ದರೆ ಎಣ್ಮಕಜೆಯ ಗಣತಿ ಎನ್ನಲಾಗದು. 1991ರಲ್ಲಿ ಇಲ್ಲದ ಅಂಗವೈಕಲ್ಯದ ಪ್ರಶ್ನೆ 2001ರಲ್ಲಿ ಮರಳಿ ಬಂದಿತ್ತು. ಐದು ಬಗೆ: ಕಣ್ಣು, ಮಾತು, ಕಿವಿ, ಚಲನೆ, ಮಾನಸಿಕ. ನಮ್ಮ ಗುಡ್ಡೆಗಳ ಗೇರು ತೋಟಗಳಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಆಗಷ್ಟೇ ನಿಂತಿತ್ತು. ಕೆಳಗಿನ ತೋಡಿನ ನೀರನ್ನೇ ಕುಡಿದ ಮನೆಗಳು. ಒಂದು ಮನೆಯಲ್ಲಿ ಮಗುವಿಗೆ ಎದ್ದು ನಿಲ್ಲಲು ಆಗದು, ಮಾತು ಇಲ್ಲ, ಕರೆದರೆ ತಿಳಿಯುತ್ತದೋ ಇಲ್ಲವೋ ತಾಯಿಗೂ ಖಚಿತ ಇಲ್ಲ. ಫಾರಮ್ಮಿನಲ್ಲಿ ಒಂದೇ ಅಂಕೆಗೆ ಜಾಗ. ಎರಡು ಮೂರು ತೊಂದರೆ ಇದ್ದರೆ ಯಾವುದನ್ನು ಬರೆಸಬೇಕೆಂಬುದನ್ನು ಮನೆಯವರಿಗೇ ಬಿಡಬೇಕೆಂದು ಸೂಚನೆ. ಅದನ್ನು ತಾಯಿಗೆ ಹೇಗೆ ಕೇಳುವುದು? ನಾನು ಐದನ್ನೂ ಓದಿ ಹೇಳಿದೆ. ಅವರು “ನಡೆಯುವುದು ಒಂದು ಆಗಿದ್ದರೆ ಉಳಿದದ್ದನ್ನು ನಾನು ಹೇಗಾದರೂ ನೋಡಿಕೊಳ್ಳುತ್ತಿದ್ದೆ” ಎಂದರು. ಚಲನೆ ಎಂದು ಬರೆದೆ. ದೇಶದಲ್ಲಿ ಆ ಸಲ ಲೆಕ್ಕ ಸಿಕ್ಕಿದ್ದು 2.19 ಕೋಟಿ ಮಂದಿ. 2011ರಲ್ಲಿ ಬಗೆಗಳು ಎಂಟಾದವು, ಬಹುವಿಧ ವೈಕಲ್ಯಕ್ಕೇ ಬೇರೆ ಸಂಖ್ಯೆ ಬಂತು, ಒಟ್ಟು 2.68 ಕೋಟಿ ಆಯಿತು. 2001ರ ಅಂಕಿಯಿಂದ ನಮ್ಮ ಪಂಚಾಯತಿನ ಸ್ಥಿತಿ ತಿಳಿಯಲು ಹೊರಟವರಿಗೆ ಆ ಮಗುವಿನಲ್ಲಿ ಮೂರರಲ್ಲೊಂದು ಪಾಲು ಮಾತ್ರ ಸಿಕ್ಕಿರುತ್ತದೆ.

ಗಲ್ಫಿಗೆ ಹೋದವರ ವಿಷಯಕ್ಕೆ ತಾಯಂದಿರ ಹತ್ತಿರ ಬೈಸಿಕೊಂಡೆ. ಫೆಬ್ರವರಿ 9ರಿಂದ 28ರ ಪೂರ್ತಿ ಅವಧಿಯಲ್ಲಿ ಮನೆಯಲ್ಲಿ ಇರದವರನ್ನು ಸೇರಿಸುವಂತಿಲ್ಲ. “ಮನೆ ಕಟ್ಟಿಸಿದ್ದೇ ಅವನು, ಅವನೇ ಲೆಕ್ಕಕ್ಕಿಲ್ಲವಾ?” ಕೇರಳದಲ್ಲಿ ಆ ಸಲ ಸಾವಿರ ಗಂಡಸರಿಗೆ 1058 ಹೆಂಗಸರು, ದೇಶದಲ್ಲಿ 933. ಕೇರಳದ ಆ ಅಂಕಿಯ ಹಿಂದೆ ಬೇರೆ ಒಳ್ಳೆಯ ಕಾರಣಗಳೂ ಉಂಟು, ದುಬಾಯಿ, ಶಾರ್ಜಾದ ಕೋಣೆಗಳಲ್ಲಿದ್ದ ನಮ್ಮ ಹುಡುಗರೂ ಉಂಟು.

28ರ ರಾತ್ರಿ ಮನೆ ಇಲ್ಲದವರ ಎಣಿಕೆ. ಬಸ್‌ಸ್ಟ್ಯಾಂಡಿನ ಜಗಲಿ, ಅಂಗಡಿ ಸಾಲು, ಡೇರೆ ಹಾಕಿದ ಅಲೆಮಾರಿಗಳು. ಟಾರ್ಚು ಹಿಡಿದು ಮಲಗಿದವರನ್ನು ಎಬ್ಬಿಸಿ ಊರು ಕೇಳುವುದು ಯಾರಿಗೂ ಹಿತವಾದ ಕೆಲಸ ಅಲ್ಲ. ಬಳಿಕ ಮಾರ್ಚ್ 1ರಿಂದ 5ರ ತನಕ ಮರುಭೇಟಿ. 1951ರಿಂದ 1991ರ ತನಕ ಮಾರ್ಚ್ 1ರ ಸೂರ್ಯೋದಯವನ್ನು ಲೆಕ್ಕದ ಗಳಿಗೆಯಾಗಿ ಇಟ್ಟುಕೊಳ್ಳುತ್ತಿದ್ದರು (1971ರಲ್ಲಿ ಮಾತ್ರ ಏಪ್ರಿಲ್ 1). 2001ರಿಂದ ಅದು ನಡುರಾತ್ರಿ ಹನ್ನೆರಡು ಗಂಟೆಗೆ ಬಂತು. ಅದಕ್ಕೆ ಮೊದಲು ಹುಟ್ಟಿದ ಶಿಶುವನ್ನು ಸೇರಿಸಬೇಕು, ಆಮೇಲೆ ತೀರಿಹೋದ ಅಜ್ಜನನ್ನು ಹೊಡೆದು ಹಾಕಬಾರದು. ಸೂತಕದ ಮನೆಗೆ ಹೋಗಿ ಸತ್ತ ಗಂಟೆ ಕೇಳುವಾಗ ಕಾಯ್ದೆ ಕಿಸೆಯಲ್ಲಿದ್ದರೂ ಸ್ವರ ಏಳುವುದಿಲ್ಲ.

ಎಲ್ಲ ಮುಗಿದ ಮೇಲೆ ಬ್ಲಾಕಿನ ಗೋಷ್ವಾರೆ (ಒಟ್ಟು ಲೆಕ್ಕದ ಪಟ್ಟಿ) ಕೂಡಿಸಿ ಮೇಲ್ವಿಚಾರಕರಿಗೆ ಒಪ್ಪಿಸಿದೆ. ಭೂಕಂಪದಿಂದ ನಲುಗಿದ್ದ ಕಚ್ಛ್‌ನಲ್ಲಿ ಗಣತಿ ಮಾಡಲಾಗದೆ ಅಂದಾಜು ಸೇರಿಸಿದ್ದರು. ಹಾಗಿದ್ದರೂ ತಾತ್ಕಾಲಿಕ ಲೆಕ್ಕ ಅದೇ ಮಾರ್ಚಿನಲ್ಲಿ ಬಂತು: 102.70 ಕೋಟಿ. ಭಾಷೆಯ ಕೋಷ್ಟಕಗಳಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ತುಳು 17.22 ಲಕ್ಷ, ಕನ್ನಡ 3.79 ಕೋಟಿ. 2011ರಲ್ಲಿ ತುಳು 18.46 ಲಕ್ಷ, ಕನ್ನಡ 4.37 ಕೋಟಿ, ಆ ಪಟ್ಟಿ ಹೊರಬಂದದ್ದು 2018ರಲ್ಲಿ.

2021ರದ್ದು ತಪ್ಪಿ ಈಗ 2027ರ ಮಾರ್ಚ್ 1ನ್ನು ಲೆಕ್ಕದ ದಿನ ಮಾಡಿದ್ದಾರೆ, ಕಾಗದ ಹೋಗಿ ಮೊಬೈಲು ಬರುತ್ತದೆ, ಜಾತಿಯೂ ಸೇರುತ್ತದೆ. ನಮ್ಮ ಕಡೆ ಹೋಗುವ ಮಾಸ್ಟ್ರುಗಳು, ಟೀಚರುಗಳು ಕೇಳಿದರೆ ನಾನು ಹೇಳುವುದು ಇಷ್ಟು. ಪ್ರಶ್ನೆಗಳನ್ನು ಮನೆಯ ಮಾತಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಭಾಷೆಯ ಪ್ರಶ್ನೆಯನ್ನು ಯಜಮಾನರಿಗೆ ಮಾತ್ರ ಕೇಳಬೇಡಿ, ಒಬ್ಬೊಬ್ಬರಿಗೂ ಕೇಳಿ. ಬೇರೆ ಭಾಷೆಗಳ ಸಾಲನ್ನು ಅವಸರದಲ್ಲಿ ಖಾಲಿ ಬಿಡಬೇಡಿ. ಅಡಿಕೆಯವರು ಬೈದರೆ ಮಜ್ಜಿಗೆ ಕುಡಿದು ಬನ್ನಿ.